ಡೈನೋಸಾರ್ ಕಾಮಿಕ್‌ನಲ್ಲಿ ರಾಜಕೀಯ ಕೂರಿಸೋದು ಹೇಗೆ? 8 ಪುಟದ ಕಥೆಗೆ ಸಮಗ್ರ ಮಾರ್ಗದರ್ಶಿ

"ಪ್ರಳಯ ಆಯ್ತು, ಡೈನೋಸಾರ್ ವಾಪಸ್ ಬಂತು, ಉಳಿದೋರು ಅಧಿಕಾರಕ್ಕೆ ಕಿತ್ತಾಡ್ತಿದ್ದಾರೆ" ಅನ್ನೋ ಥರದ ಕಾಮಿಕ್ ಸ್ಕ್ರಿಪ್ಟ್‌ಗಳು ನನ್ನ ಹತ್ರ ಓದೋಕೆ ಬರ್ತಾನೇ ಇರ್ತವೆ, ಮತ್ತೆ ಹತ್ರತ್ರ ಎಲ್ಲವೂ ಒಂದೇ ಜಾಗದಲ್ಲಿ ಮುಗ್ಗರಿಸ್ತವೆ. ಮೊದಲ ಮೂರು ಪುಟ ಓಟ. ಆಮೇಲೆ ಎರಡು ಪುಟ ಒಂದು ಹಾಲ್‌ನಲ್ಲಿ ಇಬ್ಬರು ಗಡ್ಡದೋರು ನಿಂತು ತಮ್ಮ ಊರಿನ ರಾಜಕೀಯ ಪೂರ್ತಿ ಒಬ್ಬರಿಗೊಬ್ಬರು ಹೇಳ್ಕೊತಾರೆ, ಇಬ್ಬರಿಗೂ ಅದು ಮೊದಲೇ ಗೊತ್ತಿರತ್ತೆ. ಆಮೇಲೆ ಮತ್ತೆ ಓಟ. ಡೈನೋಸಾರ್ ತೆಗೆದು ಆ ಜಾಗಕ್ಕೆ ಹುಲಿ ಹಾಕಿದ್ರೂ ಕಥೆ ಹಾಗೇ ನಡೆಯತ್ತೆ, ರಾಜಕೀಯ ತೆಗೆದು ಬಿಸಾಕಿದ್ರೂ ನಡೆಯತ್ತೆ. ಅಲ್ಲಿಗೆ ಕಥೆ ಕೆಟ್ಟಿತು ಅಂತಾನೇ.

ಕಾರಣ ಚಿತ್ರ ಬರೆಯೋ ಕೈಯಲ್ಲ, ಆರ್ಡರ್. ಎಲ್ಲರೂ ಪ್ರಾಣಿಯಿಂದ ಶುರು ಮಾಡ್ತಾರೆ. ಶುರು ಮಾಡ್ಬೇಕಾಗಿರೋದು ಕೊರತೆಯಿಂದ, ಅಂದ್ರೆ ಜನಕ್ಕೆ ಬೇಕಾದ ಆದ್ರೆ ಸಾಕಷ್ಟು ಇಲ್ಲದ ಒಂದು ವಸ್ತುವಿಂದ. ಆ ವಸ್ತುವಿಗೆ ಮನುಷ್ಯನ ಕೈಯೂ ಪ್ರಾಣಿಯ ಕಾಲೂ ಎರಡೂ ತಾಗ್ಬೇಕು.

ಉದಾಹರಣೆಗೆ ಎರಡು ಕಥೆ ಇಟ್ಕೊಂಡಿದ್ದೀನಿ. ಒಂದು, ಅಮೆರಿಕದ ಮಾರ್ಕ್ ಶುಲ್ಟ್ಸ್ ಬರೆದು ಚಿತ್ರಿಸಿದ ಕಪ್ಪು-ಬಿಳುಪು ಕಾಮಿಕ್ ‘ಝೀನೋಜೋಯಿಕ್ ಟೇಲ್ಸ್’, 1987ರಿಂದ 1996ರ ತನಕ 14 ಸಂಚಿಕೆ ಬಂತು. ಹೆಸರು ಕೇಳಿಲ್ಲ ಅಂತೀರಾ? ವಿಡಿಯೋ ಗೇಮ್ ಅಂಗಡೀಲಿ ಕಾಯಿನ್ ಹಾಕಿ ‘ಮುಸ್ತಫಾ’ ಆಡಿದ್ರೆ ನಿಮಗೆ ಆ ಲೋಕ ಗೊತ್ತು, 1993ರ ಆ ಕ್ಯಾಪ್‌ಕಾಮ್ ಗೇಮ್ ಹುಟ್ಟಿದ್ದು ಇದೇ ಕಾಮಿಕ್‌ನಿಂದ. ತಮಾಷೆ ಅಂದ್ರೆ ನಮ್ಮಲ್ಲಿ ಬಹುತೇಕರು ತಪ್ಪು ಮಾಡೋಕೂ ಆ ಗೇಮೇ ಕಾರಣ ಅನ್ಸತ್ತೆ: ಗೇಮ್‌ನಲ್ಲಿ ನೆನಪಲ್ಲಿ ಉಳಿಯೋದು ಹೊಡೆದಾಟ ಮಾತ್ರ. ಕಾಮಿಕ್ ಹಾಗಿಲ್ಲ. ಎರಡನೇದು ನಾನೇ ಅಭ್ಯಾಸಕ್ಕೆ ಅಂತ ಕಟ್ಟಿದ ಸಣ್ಣ ಕಥೆ, ತುಂಗಭದ್ರಾ ಡ್ಯಾಮ್ ಹತ್ರ ನಡೆಯೋದು, ಅದನ್ನ ಹಂತ ಹಂತವಾಗಿ ಬಿಚ್ಚಿಡ್ತೀನಿ. ನೀವು ನಿಮ್ಮ ಊರಿನದು ಮಾಡ್ಕೊಳ್ಳಿ.

ಶುರು ಮಾಡೋ ಮೊದಲು: ಏನೇನು ಬೇಕು

ಎ4 ಹಾಳೆ ಒಂದು ಕಟ್ಟು, ಎಚ್‌ಬಿ ಮತ್ತೆ 2ಬಿ ಪೆನ್ಸಿಲ್, ಎರಡು ಸೈಜ್ ಕಪ್ಪು ಇಂಕ್ ಪೆನ್ (0.3 ಮತ್ತೆ 0.8 ಸಾಕು), ದಪ್ಪ ಕಪ್ಪು ತುಂಬೋಕೆ ಒಂದು ಬ್ರಷ್ ಪೆನ್, ಒಂದು ಹಳೇ ನೋಟ್‌ಬುಕ್. ಫೋನ್ ಅಥವಾ ಟ್ಯಾಬ್‌ನಲ್ಲಿ ಮಾಡೋರು ಮಾಡಿ, ಆದ್ರೆ ಹಂತ 1ರಿಂದ 4ರ ತನಕ ನೋಟ್‌ಬುಕ್‌ನಲ್ಲೇ ಮಾಡಿ. ಸ್ಕ್ರೀನ್ ತೆಗೆದ ಕೂಡ್ಲೇ ಕೈ ಡೈನೋಸಾರ್ ಬರೆಯೋಕೆ ಓಡತ್ತೆ, ನನಗೂ ಓಡತ್ತೆ.

ಬಣ್ಣ ಬೇಡ. ಮೊದಲ ಕಥೆ ಕಪ್ಪು-ಬಿಳುಪಲ್ಲೇ ಮಾಡಿ, ಜೆರಾಕ್ಸ್ ಅಂಗಡೀಲಿ ಅಗ್ಗಕ್ಕೆ ಆಗತ್ತೆ.

ಹಂತ 1: ಕೊರತೆಯನ್ನ ಹುಡುಕಿ

ನೋಟ್‌ಬುಕ್‌ನಲ್ಲಿ ಒಂದೇ ಪ್ರಶ್ನೆ ಬರೀರಿ: ಈ ಲೋಕದಲ್ಲಿ ಏನು ಸಾಲಲ್ಲ? ಉತ್ತರ ಒಂದೇ ಪದ ಇರ್ಲಿ. ನೀರು, ಉಪ್ಪು, ಬೀಜ, ಕಬ್ಬಿಣ, ಔಷಧಿ. "ಶಾಂತಿ", "ನಂಬಿಕೆ" ಅಂತ ಬರೆದ್ರೆ ಹೊಡೆದು ಹಾಕಿ, ಅದನ್ನ ಬೀಗ ಹಾಕಿ ಇಡೋಕಾಗಲ್ಲ, ಕದಿಯೋಕಾಗಲ್ಲ, ಚಿತ್ರ ಬರೆಯೋಕಂತೂ ಆಗಲ್ಲ.

ಝೀನೋಜೋಯಿಕ್‌ನಲ್ಲಿ ಕೊರತೆ ಇರೋದು ಯಂತ್ರಜ್ಞಾನಕ್ಕೆ. ಜನ ನೂರಾರು ವರ್ಷ ನೆಲದಡಿಯ ಊರುಗಳಲ್ಲಿ ಬಚ್ಚಿಟ್ಟುಕೊಂಡಿದ್ದು ಮೇಲೆ ಬಂದಾಗ ಡೈನೋಸಾರ್‌ಗಳು ಭೂಮಿ ತುಂಬಿರ್ತವೆ, ಯಂತ್ರ ರಿಪೇರಿ ಗೊತ್ತಿರೋರು ಬೆರಳೆಣಿಕೆಯಷ್ಟು. ಹಾಗಾಗಿ ಅಲ್ಲಿ ಮೆಕ್ಯಾನಿಕ್ ಅಂದ್ರೆ ಗ್ಯಾರೇಜ್ ಹುಡುಗ ಅಲ್ಲ, ಅಧಿಕಾರ ಇರೋನು. ನಾಯಕ ಜ್ಯಾಕ್ ಟೆನ್ರೆಕ್ ಹಳೇ ಕ್ಯಾಡಿಲಾಕ್ ಕಾರುಗಳನ್ನ ರಿಪೇರಿ ಮಾಡಿ ಓಡಿಸ್ತಾನೆ, ಪೆಟ್ರೋಲ್ ಇಲ್ಲ, ಡೈನೋಸಾರ್ ಸಗಣಿಯಿಂದ ಓಡತ್ತೆ. ಓದಿದ್ರೆ ನಗು ಬರತ್ತೆ ಆದ್ರೆ ಗಮನಿಸಿ: ಕಾರು ಅಂದ್ರೆ ಅಧಿಕಾರ, ಕಾರಿಗೆ ಬೇಕಾದ್ದು ಪ್ರಾಣಿಯ ಹಿಂದೆ ಬಿದ್ದಿದೆ. ಮನುಷ್ಯನ ಕೈ, ಪ್ರಾಣಿಯ ಕಾಲು, ಎರಡೂ ಒಂದೇ ವಸ್ತುವಲ್ಲಿ ಸೇರಿದ್ವು. ನಾನು ಮೇಲೆ ಹೇಳಿದ್ದು ಇದನ್ನೇ.

ನನ್ನ ಅಭ್ಯಾಸದ ಕಥೆಗೆ ನೀರು ತಗೊಂಡೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮ್‌ನ 33 ಗೇಟುಗಳಲ್ಲಿ 19ನೇದರ ಚೈನ್ ಲಿಂಕ್ ಕಡಿದು ಗೇಟೇ ಕೊಚ್ಕೊಂಡು ಹೋಯ್ತಲ್ಲ, ಹರಿಯೋ ನೀರಲ್ಲೇ ತಾತ್ಕಾಲಿಕ ಕಬ್ಬಿಣದ ತಡೆ, ಅಂದ್ರೆ ಸ್ಟಾಪ್‌ಲಾಗ್ ಇಳಿಸಿದ್ರಲ್ಲ, ಅದನ್ನ ನ್ಯೂಸ್‌ನಲ್ಲಿ ನೋಡ್ತಾ ಬಂದ ಯೋಚನೆ ಇದು. ಮೂರು ರಾಜ್ಯದ ಜನ ಒಂದು ಕಬ್ಬಿಣದ ಕೊಂಡಿ ನೆಚ್ಕೊಂಡು ಕೂತಿದ್ರು. ನೂರಾರು ವರ್ಷ ಆದ್ಮೇಲೆ, ವೆಲ್ಡಿಂಗ್ ಮಾಡೋರೇ ಇಲ್ಲದ ಕಾಲದಲ್ಲಿ, ಆ ಕೊಂಡಿ ಯಾರ ಕೈಲಿರತ್ತೆ?

ಇಲ್ಲಿ ಆಗೋ ತಪ್ಪು: ವಸ್ತು ಹೇಗೆ ಕೆಲಸ ಮಾಡತ್ತೆ ಅಂತ ತಿಳ್ಕೊಳ್ಳದೇ ಮುಂದೆ ಹೋಗೋದು. ನಾನೇ ಮೊದಲನೇ ಡ್ರಾಫ್ಟ್‌ನಲ್ಲಿ ಆ 33 ಗೇಟಲ್ಲಿ ಒಂದನ್ನ ಎತ್ತಿದ್ರೆ ಗದ್ದೆಗೆ ನೀರು ಹೋಗತ್ತೆ ಅಂತ ಬರೆದಿದ್ದೆ. ಹೊಸಪೇಟೆ ಕಡೆಯ ಗೆಳೆಯ ಓದಿ ಬಿದ್ದು ಬಿದ್ದು ನಕ್ಕ. ಆ ಗೇಟುಗಳ ನೀರು ಹೋಗೋದು ನದಿಗೆ, ಅದೂ ಡ್ಯಾಮ್ ಮೇಲ್ಮಟ್ಟದ ತನಕ ತುಂಬಿದಾಗ. ಕಾಲುವೆಗೆ ಬೇರೆ ತೂಬು ಇರತ್ತೆ, ಕೆಳಗಡೆ. ಬೇಸಿಗೇಲಿ ನಡೆಯೋ ಕಥೆಗೆ ತೂಬೇ ಬೇಕು. ಒಂದು ಫೋನ್ ಕಾಲ್‌ನಲ್ಲಿ ತಿಳಿಯೋ ವಿಷಯ, ನನಗೆ ನಾಲ್ಕು ಪುಟ ಮತ್ತೆ ಬರೆಯೋ ಕೆಲಸ ಆಯ್ತು.

ಹಂತ 2: ಪ್ರಾಣಿಗೆ ಒಂದು ನಿಯಮ ಕೊಡಿ

ಪ್ರಾಣಿ ಖಳನಾಯಕ ಅಲ್ಲ. ಅದು ಮಳೆ ಇದ್ದ ಹಾಗೆ, ತನ್ನ ಟೈಮಿಗೆ ಬರತ್ತೆ ತನ್ನ ಟೈಮಿಗೆ ಹೋಗತ್ತೆ, ಜನ ಅದರ ಸುತ್ತ ಬದುಕು ಕಟ್ಕೋಬೇಕು. ಹಾಗಾಗಿ ಒಂದು ವಾಕ್ಯದ ನಿಯಮ ಬರೀರಿ, ಅದರಲ್ಲಿ ಯಾವಾಗ, ಎಲ್ಲಿ, ಯಾಕೆ ಮೂರೂ ಇರ್ಬೇಕು. ಮತ್ತೆ ಆ "ಎಲ್ಲಿ" ಅನ್ನೋದು ಹಂತ 1ರ ವಸ್ತು ಇರೋ ಜಾಗಾನೇ ಆಗಿರ್ಬೇಕು. ಇಷ್ಟು ಸಿಕ್ಕಿದ್ರೆ ಅರ್ಧ ಕಥೆ ತಾನಾಗೇ ಬರತ್ತೆ.

ಎಲ್ಲರೂ ಟಿ ರೆಕ್ಸ್ ತಗೋತಾರೆ. ಬೇಡ ಅನ್ನಲ್ಲ, ಆದ್ರೆ ಅದು ಉತ್ತರ ಅಮೆರಿಕದ ಪಶ್ಚಿಮ ಭಾಗದ ಪ್ರಾಣಿ, ನಮ್ಮ ದೇಶದಲ್ಲೇ ಸಿಕ್ಕಿರೋವು ಬೇಕಾದಷ್ಟಿವೆ. ನರ್ಮದಾ ಕಣಿವೇಲಿ, ಮಧ್ಯಪ್ರದೇಶದ ಧಾರ್ ಜಿಲ್ಲೇಲಿ ಟೈಟನೋಸಾರ್ ಅನ್ನೋ ಉದ್ದ ಕತ್ತಿನ ಸಸ್ಯಾಹಾರಿಗಳ 92 ಗೂಡು, 256 ಮೊಟ್ಟೆ ಸಿಕ್ಕಿದ ವರದಿ 2023ರಲ್ಲಿ ಬಂತು. ಮೊಟ್ಟೆಗಳ ಅಗಲ 15ರಿಂದ 17 ಸೆಂಟಿಮೀಟರ್. ಗೂಡುಗಳು ಒಂದಕ್ಕೊಂದು ತೀರಾ ಹತ್ತಿರ, ಅಂದ್ರೆ ಹಿಂಡು ಹಿಂಡಾಗಿ ಬಂದು ಒಂದೇ ಕಡೆ ಇಡ್ತಿದ್ವು, ಅಷ್ಟು ದೊಡ್ಡ ಪ್ರಾಣಿ ಆ ಗೂಡುಗಳ ಮಧ್ಯೆ ನಿಂತು ಕಾವಲು ಕಾಯೋಕೂ ಜಾಗ ಇರ್ತಿರಲಿಲ್ಲ. ಈ ಒಂದು ಮಾಹಿತೀಲಿ ಎಷ್ಟು ರಾಜಕೀಯ ಇದೆ ನೋಡಿ. ಕಾವಲಿಲ್ಲದ ಮೊಟ್ಟೆ, ಒಂದೊಂದೂ ಲೆಕ್ಕ ಹಾಕಿದ್ರೆ ಸುಮಾರು 2 ಲೀಟರ್, ಅಂದ್ರೆ ಮೂರ್ನಾಲ್ಕು ಡಜನ್ ಕೋಳಿ ಮೊಟ್ಟೆ ಸಮ, ಒಂದು ಮನೆಯವರಿಗೆ ಎರಡು ದಿನದ ಊಟ.

ಸರಿ, ನನ್ನ ನಿಯಮ ಹೀಗಾಯ್ತು: ಪ್ರತಿ ಬೇಸಿಗೆ ಟೈಟನೋಸಾರ್ ಹಿಂಡು ಒಣಗಿದ ಎಡದಂಡೆ ಕಾಲುವೆಗೆ ಇಳಿದು ಮರಳಲ್ಲಿ ಮೊಟ್ಟೆ ಇಡತ್ತೆ, ಮರಿ ಹೊರಬರೋ ತನಕ ಕಾಲುವೆ ಒಣಗಿರ್ಲೇಬೇಕು. ನೀರು ಬಿಟ್ರೆ ಮೊಟ್ಟೆ ಹೋಯ್ತು, ಬಿಡದಿದ್ರೆ ಗದ್ದೆ ಹೋಯ್ತು. ಯಾರೂ ಭಾಷಣ ಮಾಡ್ಬೇಕಾಗಿಲ್ಲ.

ಬೇಟೆ ಪ್ರಾಣಿ ಬೇಕೇ ಬೇಕು ಅಂದ್ರೆ ಆ ಕಾಲದ್ದೇ ರಾಜಸಾರಸ್ ಇದೆ, ಗುಜರಾತ್‌ನಲ್ಲಿ ಸಿಕ್ಕಿ 2003ರಲ್ಲಿ ಹೆಸರಿಟ್ಟಿದ್ದು, ತಲೆ ಮೇಲೆ ಗಿಡ್ಡ ಕೊಂಬು. ಆದ್ರೆ ನನಗೆ ಅದಕ್ಕಿಂತ ಇಷ್ಟ ಸನಾಜೆ ಅನ್ನೋ ಹಾವು. ಸುಮಾರು ಮೂರೂವರೆ ಮೀಟರ್ ಉದ್ದ, ಡೈನೋಸಾರ್ ಗೂಡಲ್ಲಿ ಒಡೆದ ಮೊಟ್ಟೆಗೆ ಸುತ್ಕೊಂಡ ಹಾಗೇ ಪಳೆಯುಳಿಕೆ ಆಗಿ ಸಿಕ್ಕಿದೆ, ಪಕ್ಕದಲ್ಲೇ ಮರಿ. 2010ರಲ್ಲಿ ಹೆಸರಿಟ್ಟರು. ರಾತ್ರಿ ಮೊಟ್ಟೆ ಕದಿಯೋಕೆ ಇಳಿದವನ ಕೈಗೆ ಏನು ತಾಗತ್ತೆ ಅಂತ ನಾನು ಹೇಳ್ಬೇಕಾ?

ಎರಡು ಎಚ್ಚರಿಕೆ. ಮೂರಕ್ಕಿಂತ ಹೆಚ್ಚು ಜಾತಿಯ ಪ್ರಾಣಿ 8 ಪುಟಕ್ಕೆ ಬೇಡ. ಇನ್ನೊಂದು, ಪಾತ್ರಗಳ ಬಾಯಲ್ಲಿ ಲ್ಯಾಟಿನ್ ಹೆಸರು ಬಂದ್ರೆ ಅಲ್ಲಿಗೆ ಕಥೆಯ ಲೋಕ ಒಡೀತು. ಝೀನೋಜೋಯಿಕ್‌ನಲ್ಲಿ ಜನ ಪ್ರಾಣಿಗಳನ್ನ ಶಿವಾಟ್, ಕಟರ್, ಮ್ಯಾಕ್ ಅಂತೆಲ್ಲ ತಮ್ಮದೇ ಹೆಸರಲ್ಲಿ ಕರೀತಾರೆ. ನನ್ನ ಕಥೇಲಿ ಟೈಟನೋಸಾರ್‌ಗೆ ಗುಡ್ಡವ್ವ ಅಂತಾರೆ, ರಾಜಸಾರಸ್‌ಗೆ ಒಂಟಿಕೊಂಬ.

ಹಂತ 3: ಯಾರ ಕೈಲಿ ಏನಿದೆ

ಈಗ ಮನುಷ್ಯರು. ಹಾಳೆ ಮಧ್ಯ ಆ ವಸ್ತು ಬರೆದು ಸುತ್ತ ನಾಲ್ಕು ಗುಂಪು ಬರೀರಿ. ಪ್ರತಿ ಗುಂಪಿಗೆ ಒಂದು ಇರೋದು, ಒಂದು ಇಲ್ಲದ್ದು. ಒಳ್ಳೇವ್ರು ಕೆಟ್ಟೋರು ಅಂತ ಬರೀಬೇಡಿ.

ಗೇಟಿನೋರು: ತೂಬಿನ ಕೀಲಿ ಇದೆ, ಊಟಕ್ಕಿಲ್ಲ. ಗದ್ದೆಯೋರು: ಗಂಗಾವತಿ ಕಡೆಯ ಭತ್ತ ಇದೆ, ನೀರಿಲ್ಲ. ಮೊಟ್ಟೆಯೋರು: ಪ್ರಾಣಿಗಳ ದಾರಿ ಗೊತ್ತು, ಅವರಿಗೆ ಸಭೇಲಿ ಕೂರೋಕೆ ಜಾಗ ಇಲ್ಲ. ಕೆಳಗಿನೂರಿನೋರು: ಕಬ್ಬಿಣ ಇದೆ, ಇಲ್ಲಿ ಏನು ನಡೀತಿದೆ ಅನ್ನೋದು ಗೊತ್ತಿಲ್ಲ, ಅದಕ್ಕೇ ಒಬ್ಬಳು ರಾಯಭಾರಿಯನ್ನ ಕಳಿಸಿದ್ದಾರೆ.

ಈ ಕೊನೇದು ನಾನು ಝೀನೋಜೋಯಿಕ್‌ನಿಂದ ಕಲಿತ ಪಾಠ. ಅಲ್ಲಿ ಹ್ಯಾನಾ ಡಂಡಿ ವಸೂನ್ ಅನ್ನೋ ಬೇರೆ ಊರಿಂದ ಬಂದ ರಾಯಭಾರಿ, ಜ್ಯಾಕ್ ಇರೋದು ಮುಳುಗಿದ ಮ್ಯಾನ್‌ಹ್ಯಾಟನ್‌ನಲ್ಲಿ, ಅದನ್ನ ಅವರು ಸಮುದ್ರದೊಳಗಿನ ನಗರ ಅಂತಾರೆ. ಹೊರಗಿನೋಳಾದ್ದರಿಂದ ಅವಳು ಪ್ರಶ್ನೆ ಕೇಳೋದು ಸಹಜ, ಓದುಗನೂ ಅವಳ ಜೊತೆ ಕಲೀತಾನೆ. ಆದ್ರೆ ಅವಳು ಬರೀ ಪ್ರಶ್ನೆ ಕೇಳೋ ಗೊಂಬೆ ಅಲ್ಲ, ಅವಳಿಗೆ ತನ್ನ ಊರಿನ ಕೆಲಸ ಇದೆ, ಕಣ್ಣು ಇರೋದು ಹಳೇ ಜ್ಞಾನದ ಮೇಲೆ. ಇನ್ನೊಂದು ಕಡೆ ಶಾರ್ನ್‌ಹೋರ್ಸ್ಟ್ ಅನ್ನೋ ಅಧಿಕಾರದ ಹಸಿವಿನ ರಾಜಕಾರಣಿ, ಮತ್ತೊಂದು ಕಡೆ ಗ್ರಿತ್ ಅನ್ನೋ ಹಲ್ಲಿ ರೂಪದ ಬುದ್ಧಿವಂತ ಜೀವಿಗಳು, ಅವು ಮಾತಾಡಲ್ಲ, ಸ್ಕ್ರ್ಯಾಬಲ್ ಆಟದ ಅಕ್ಷರದ ಬಿಲ್ಲೆ ಜೋಡಿಸಿ ಹೇಳ್ತವೆ. ನೋಡಿ, ಮಾಹಿತಿ ಎಷ್ಟು ನಿಧಾನ ಬರತ್ತೆ! ಒಂದೊಂದು ಅಕ್ಷರಕ್ಕೂ ಕಾಯ್ಬೇಕು. ಅದನ್ನ ನಕಲು ಮಾಡ್ಬೇಡಿ, ಆದ್ರೆ ತಂತ್ರ ತಿಳ್ಕೊಳ್ಳಿ: ಸುದ್ದಿ ಸಾಗೋ ದಾರಿ ಕಷ್ಟದ್ದಾಗಿದ್ರೆ ಮಾತ್ರ ಒಳಸಂಚು ನಡೆಯತ್ತೆ. ಎಲ್ಲರ ಕೈಲೂ ವಾಕಿಟಾಕಿ ಕೊಟ್ರೆ ನಿಮ್ಮ ಪಿತೂರಿ ಒಂದೇ ಪುಟಕ್ಕೆ ಮುಗೀತು.

ಹೆಸರುಗಳ ಬಗ್ಗೆ ಒಂದು ಮಾತು. ಪ್ರಳಯ ಆದ ಕೂಡ್ಲೇ ಎಲ್ಲರಿಗೂ ಝೋರಾಕ್, ಕ್ರೇಟಾನ್ ಅಂತ ಹೆಸರಿಡೋ ಚಟ ಯಾಕೋ ಗೊತ್ತಿಲ್ಲ. ಹೊಸಪೇಟೆ-ಕೊಪ್ಪಳ ಕಡೆ ಕಥೆ ನಡೆಯೋದಾದ್ರೆ ಹುಲಿಗೆವ್ವ ಅಂತಾನೇ ಇರ್ಲಿ, ಬಸಣ್ಣ ಅಂತಾನೇ ಇರ್ಲಿ. ಲೋಕ ಮುಳುಗಿದ್ರೂ ಜನ ಅಜ್ಜಿ ಹೆಸರು ಬಿಡಲ್ಲ.

ಹಂತ 4: ಗುಟ್ಟಿನ ಲೆಕ್ಕದ ಪುಸ್ತಕ

ಇದನ್ನ ಯಾರೂ ಮಾಡಲ್ಲ. ಇಡೀ ಗೈಡ್‌ನಲ್ಲಿ ಒಂದೇ ಹಂತ ಮಾಡೋಕೆ ಟೈಮ್ ಇದೆ ಅಂದ್ರೆ ಇದನ್ನ ಮಾಡಿ.

ಒಳಸಂಚು ಅಂದ್ರೆ ಕತ್ತಿ ಹಿಡಿದು ಹಿಂದಿಂದ ಬರೋದಲ್ಲ. ಒಬ್ಬನಿಗೆ ಗೊತ್ತಿರೋದು ಇನ್ನೊಬ್ಬನಿಗೆ ಗೊತ್ತಿಲ್ಲ, ಅಷ್ಟೇ. ಹಾಗಾಗಿ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಅಡ್ಡಕ್ಕೆ ಪುಟ 1ರಿಂದ 8, ಉದ್ದಕ್ಕೆ ಪಾತ್ರಗಳ ಹೆಸರು, ಕೊನೇ ಸಾಲಲ್ಲಿ "ಓದುಗ" ಅಂತ ಬರೀರಿ. ಆಮೇಲೆ ಒಂದೇ ಒಂದು ಗುಟ್ಟು ಆರಿಸಿ. ಎರಡು ಬೇಡ, ಎರಡಿದ್ರೆ ಎಂಟು ಪುಟದಲ್ಲಿ ಎರಡೂ ಸಾಯ್ತವೆ. ಪ್ರತಿ ಪುಟದ ಕೊನೇಲಿ ಆ ಗುಟ್ಟು ಯಾರಿಗೆ ಗೊತ್ತು ಅಂತ ಟಿಕ್ ಹಾಕಿ.

ನನ್ನ ಗುಟ್ಟು: ತೂಬಿನ ಗೇಟಿಗೆ ಎರಡು ಚೈನ್, ಅದರಲ್ಲಿ ಒಂದರ ಕೊಂಡಿ ಬಿರುಕು ಬಿಟ್ಟಿದೆ. ಎತ್ತೋಕೆ ಹೋದ್ರೆ ಒಂದು ಕಡಿದು ಗೇಟು ಓರೆಯಾಗಿ ಸಿಕ್ಕಾಕ್ಕೊಳ್ಳತ್ತೆ, ಮುಚ್ಚೋಕಾಗಲ್ಲ, ಮಳೆಗಾಲದ ತನಕ ಕುಡಿಯೋಕೆ ಅಂತ ಉಳಿದಿರೋ ನೀರೆಲ್ಲ ಹರಿದು ಹೋಗತ್ತೆ. ಗೇಟಿನ ಯಜಮಾನಿ ಹುಲಿಗೆವ್ವನಿಗೆ ಮಾತ್ರ ಇದು ಗೊತ್ತು. ಅವಳು ಬೇಡ ಅನ್ನೋದು ಮೊಟ್ಟೆಯೋರ ಮೇಲಿನ ಪ್ರೀತಿಗೆ ಅಂತ ಗದ್ದೆಯೋರು ನಂಬಿದ್ದಾರೆ, ಲಂಚ ತಿಂದಿದ್ದಾಳೆ ಅಂತಾನೂ ಮಾತಿದೆ. ಅವಳು ನಿಜ ಹೇಳೋ ಹಾಗಿಲ್ಲ, ಹೇಳಿದ ದಿನ ಅವಳ ಕೈಲಿರೋ ಕೀಲಿ ಬರೀ ಗುಜರಿ ಕಬ್ಬಿಣ. ಹೇಳದೇ ಇರೋ ಹಾಗೂ ಇಲ್ಲ, ಯಾಕಂದ್ರೆ ಯಾರಾದ್ರೂ ಕದ್ದು ಎತ್ತಿಬಿಟ್ರೆ ಊರೇ ಬಾಯಾರಿ ಸಾಯತ್ತೆ.

ಇಂಥ ಗುಟ್ಟು ಸಿಗೋ ತನಕ ಮುಂದೆ ಹೋಗ್ಬೇಡಿ: ಹೇಳಿದ್ರೂ ಕಷ್ಟ, ಹೇಳದಿದ್ರೂ ಕಷ್ಟ. "ಅವನು ರಾಜನ ನಿಜವಾದ ಮಗ" ಅನ್ನೋ ಗುಟ್ಟಿಗೆ ಈ ಗುಣ ಇಲ್ಲ ನೋಡಿ, ಹೇಳಿದ್ರೆ ಲಾಭಾನೇ, ಮತ್ತೆ ಯಾಕೆ ಸುಮ್ಮನಿದ್ದ?

ಟಿಕ್ ಹಾಕಿದ್ಮೇಲೆ ನನ್ನ ಪಟ್ಟಿ ಹೀಗೆ ಬಂತು. ಪುಟ 1ರಲ್ಲಿ ಹುಲಿಗೆವ್ವನಿಗೆ ಗೊತ್ತು, ಓದುಗನಿಗೆ ಅರ್ಧ ಗೊತ್ತು (ಬಿರುಕು ಚಿತ್ರದಲ್ಲಿ ಕಾಣತ್ತೆ, ಯಾರೂ ಬಾಯಿ ಬಿಡಲ್ಲ). ಪುಟ 4ರಲ್ಲಿ ರಾಯಭಾರಿಗೆ ಅನುಮಾನ. ಪುಟ 5ರಲ್ಲಿ ಹುಲಿಗೆವ್ವನ ತಂಗಿ ಮಗ ಬಸಣ್ಣ ಗದ್ದೆ ಗೌಡರ ಹತ್ರ ಕೀಲಿಗೆ ಬೆಲೆ ಮಾತಾಡ್ತಾನೆ, ಅವನಿಗೆ ಗೊತ್ತಿಲ್ಲ, ಓದುಗನಿಗೆ ಗೊತ್ತು, ಹೊಟ್ಟೆ ಚುರ್ ಅನ್ನೋದು ಇಲ್ಲಿ. ಪುಟ 7ರಲ್ಲಿ ಎಲ್ಲರಿಗೂ ಗೊತ್ತು.

ಅಪಾಯದ ಗುರುತು: ಮೂರು ಪುಟ ಸತತವಾಗಿ ಹೊಸ ಟಿಕ್ ಬಿದ್ದಿಲ್ಲ ಅಂದ್ರೆ ಅಲ್ಲಿ ನಿಮ್ಮ ಕಥೆ ನಿಂತಿದೆ, ಬಹುಶಃ ಅಲ್ಲೇ ನೀವು ಓಟದ ಸೀನ್ ಹಾಕಿರ್ತೀರ. ಇನ್ನೊಂದು ಗುರುತು, "ಓದುಗ" ಸಾಲಿನ ಟಿಕ್ ಎಲ್ಲರಿಗಿಂತ ಕೊನೇಗೆ ಬಿದ್ದಿದ್ರೆ ಅದು ಟ್ವಿಸ್ಟ್ ಕಥೆ, ಒಳಸಂಚಿನ ಕಥೆ ಅಲ್ಲ. ಓದುಗನಿಗೆ ಸ್ವಲ್ಪ ಮೊದಲೇ ಗೊತ್ತಿರ್ಬೇಕು.

ಹಂತ 5: ನಾಯಕ ಅಥವಾ ನಾಯಕಿ

ಇದು ಐದನೇ ಹಂತದಲ್ಲಿ ಇರೋದು ತಪ್ಪಿಂದಲ್ಲ. ಪಟ್ಟಿ ನೋಡಿ ಯಾರು ಕಳ್ಕೊಳ್ಳೋದು ಜಾಸ್ತಿ ಅಂತ ಹುಡುಕಿ, ಅವರೇ ನಿಮ್ಮ ನಾಯಕರು. ನನಗೆ ಹುಲಿಗೆವ್ವ ಸಿಕ್ಕಿದ್ಲು, ಅರವತ್ತು ದಾಟಿದ ಹೆಂಗಸು, ಗ್ರೀಸ್ ಮೆತ್ತಿದ ಕೈ. ನಾನು ಮೊದಲು ಇಟ್ಕೊಂಡಿದ್ದ ಇಪ್ಪತ್ತರ ಹುಡುಗ ಬಸಣ್ಣ ಆಗಿ ಕೀಲಿ ಕದಿಯೋ ಕೆಲಸಕ್ಕೆ ಹೋದ, ಅವನಿಗೂ ಅದೇ ಸರಿ ಅನ್ಸತ್ತೆ.

ಹಂತ 6: ಎಂಟು ಪುಟದ ನಕ್ಷೆ

ಪುಸ್ತಕ ತೆರೆದಾಗ ಎಡ-ಬಲ ಒಟ್ಟಿಗೆ ಕಾಣೋದು 2-3, 4-5, 6-7. ಅಂದ್ರೆ ಹಾಳೆ ಮಗುಚಿದಾಗ ಕಣ್ಣಿಗೆ ಮೊದಲು ಬೀಳೋದು ಸಮ ಸಂಖ್ಯೆಯ ಪುಟ. ಬೆಚ್ಚಿಬೀಳೋ ಚಿತ್ರ ಎಲ್ಲ ಅಲ್ಲೇ ಇಡಿ. ಮೊಬೈಲಲ್ಲಿ ಮಾತ್ರ ಹಾಕೋರಿಗೂ ಈ ಲೆಕ್ಕ ಒಳ್ಳೇದೇ, ಕಥೆಗೆ ಉಸಿರಾಟದ ಲಯ ಬರತ್ತೆ.

ಪುಟ 1: ಗೇಟಿನ ಕೋಣೆ, ಹುಲಿಗೆವ್ವ ಚೈನ್‌ಗೆ ಎಣ್ಣೆ ಹಾಕ್ತಾ ಒಂದು ಕೊಂಡಿ ಹತ್ರ ಬೆರಳು ನಿಲ್ಲಿಸ್ತಾಳೆ. ಹೊರಗೆ ನೆಲ ಅದುರೋ ಸದ್ದು. ಪುಟ 2: ಮಗುಚಿದ ಕೂಡ್ಲೇ ಇಡೀ ಪುಟ ಕಾಲುವೆ ತುಂಬಾ ಗುಡ್ಡವ್ವಗಳು, ಮನುಷ್ಯ ಇರುವೆಯಷ್ಟು. ಪುಟ 3: ಸಭೆ. ಪುಟ 4: ರಾತ್ರಿ ಕಾಲುವೇಲಿ ಹಾವು, ರಾಯಭಾರಿ ಅಲ್ಲಿಗೆ ಯಾಕೆ ಬಂದಳು ಅನ್ನೋ ಪ್ರಶ್ನೆ. ಪುಟ 5: ಬಸಣ್ಣ ಮತ್ತೆ ಗೌಡರು. ಪುಟ 6: ಗೇಟು ಎತ್ತಿದ್ದಾರೆ. ಪುಟ 7: ಗೇಟು ಮುಚ್ತಾ ಇಲ್ಲ. ಪುಟ 8: ಬೆಳಗ್ಗೆ.

ಸಭೆಯ ಪುಟ ಒಂದೇ. ಹೆಚ್ಚು ಕೊಡ್ಬೇಡಿ. ಮತ್ತೆ ಆ ಒಂದು ಪುಟದಲ್ಲೂ ಯಾರೂ ತಮ್ಮ ಮನಸ್ಸಲ್ಲಿರೋದನ್ನ ಹೇಳ್ಬಾರದು. ಮೊದಲ ಡ್ರಾಫ್ಟ್‌ನಲ್ಲಿ ನನ್ನ ಗೌಡರು ಹೀಗೆ ಹೇಳ್ತಿದ್ರು: "ನೀವು ನೀರು ಬಿಡದಿದ್ದರೆ ನಮ್ಮ ಬೆಳೆ ನಾಶವಾಗುತ್ತದೆ, ಆಗ ನಾವು ನಿಮ್ಮ ಮೇಲೆ ಯುದ್ಧ ಸಾರುತ್ತೇವೆ!" ಯಾವ ಗೌಡರು ಹೀಗೆ ಮಾತಾಡ್ತಾರೆ? ತಿದ್ದಿದ ಮೇಲೆ ಹೀಗಾಯ್ತು:

"ಯಕ್ಕಾ, ಈ ಸಲ ನಿಮ್ಮ ಮನಿಗೆ ಅಕ್ಕಿ ಕಳಿಸಾಕ ಆಗಲಿಲ್ಲ, ತಪ್ಪು ತಿಳಕೋಬ್ಯಾಡ್ರಿ."
"ಇರ್ಲಿ ಬಿಡ್ರಿ ಗೌಡ್ರ. ಹಸಿವಿ ನಮಗೇನು ಹೊಸಾದಲ್ಲ."
"ಹೌದಲ್ರಿ ಮತ್ತ. ಮೊಟ್ಟೆ ಬರ್ತಾವಂತ ಕೇಳಿದ್ವಿ."

ಅಕ್ಕಿ ನಿಲ್ಲಿಸಿದ ಬೆದರಿಕೆ ಮೊದಲ ಮಾತಲ್ಲಿ, ಲಂಚದ ಆರೋಪ ಮೂರನೇದ್ರಲ್ಲಿ. ಯಾರೂ ದನಿ ಎತ್ತಲಿಲ್ಲ. ನಮ್ಮ ಊರುಗಳ ಪಂಚಾಯ್ತಿ ಕಟ್ಟೇಲಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿಸ್ಕೊಳ್ಳಿ, ಮರ್ಯಾದೆ ಜಾಸ್ತಿ ಆದಷ್ಟೂ ಜಗಳ ದೊಡ್ಡದು ಅಂತ ಗೊತ್ತಾಗತ್ತೆ.

ಹಂತ 7: ಚಿತ್ರ

ಮೊದಲು ಬೆರಳುದ್ದದ ಚೌಕಗಳಲ್ಲಿ ಎಂಟೂ ಪುಟ ಕಡ್ಡಿಮನುಷ್ಯರನ್ನ ಹಾಕಿ ಗೀಚಿ. ಅದು ಓದೋಕಾದ್ರೆ ಮಾತ್ರ ದೊಡ್ಡ ಹಾಳೆಗೆ ಹೋಗಿ. ಒಂದೊಂದು ಪುಟದೊಳಗೆ ನಾಲ್ಕರಿಂದ ಆರು ಚಿತ್ರದ ಚೌಕ ಸಾಕು.

ರಾಜಕೀಯದ ಪುಟದಲ್ಲಿ ಮುಖಕ್ಕಿಂತ ಕೈ ಮುಖ್ಯ. ಯಾರ ಕೈ ಕೀಲಿ ಹತ್ರ ಇದೆ, ಯಾರ ಕೈ ಬೆನ್ನ ಹಿಂದಿದೆ. ಯಾರು ಕಟ್ಟೆ ಮೇಲೆ ಕೂತಿದ್ದಾರೆ, ಯಾರು ಕೆಳಗೆ, ಯಾರು ಬಾಗಿಲ ಹೊರಗೆ ನಿಂತಿದ್ದಾರೆ. ನನ್ನ ಸಭೇಲಿ ಮೊಟ್ಟೆಯೋರು ಒಂದೂ ಮಾತಾಡಲ್ಲ, ಬಾಗಿಲಾಚೆ ಬಿಸಿಲಲ್ಲಿ ನಿಂತ ನೆರಳು ಅಷ್ಟೇ, ಪ್ರತಿ ಚೌಕದಲ್ಲೂ ಆ ನೆರಳು ಇನ್ನೊಂದು ಸ್ವಲ್ಪ ಒಳಗೆ ಬಂದಿರತ್ತೆ.

ಡೈನೋಸಾರ್‌ಗೆ ಬಂದ್ರೆ, ಎಲ್ಲರೂ ಮಾಡೋ ಮೂರು ತಪ್ಪು. ಬಾಲ ನೆಲಕ್ಕೆ ಎಳೆಯೋದು: ಬೆನ್ನು ಮತ್ತೆ ಬಾಲ ನೆಲಕ್ಕೆ ಹತ್ರತ್ರ ಸಮನಾಗಿ ಚಾಚಿರತ್ತೆ. ಬೇಟೆ ಡೈನೋಸಾರ್‌ನ ಅಂಗೈ ಕೆಳಮುಖ ಮಾಡೋದು: ಅಂಗೈಗಳು ಒಂದಕ್ಕೊಂದು ಎದುರು, ಚಪ್ಪಾಳೆ ತಟ್ಟೋ ಹಾಗೆ. ಮೂರನೇದು ಸದಾ ಬಾಯಿ ತೆರೆದು ಕಿರುಚೋದು, ಬೇಟೆಗೆ ಹೊರಟ ಪ್ರಾಣಿ ಸದ್ದು ಮಾಡಲ್ಲ, ನಿಮ್ಮ ಮನೆ ಬೆಕ್ಕನ್ನ ಕೇಳಿ. ನಡಿಗೆಗೆ ನಾಟಿ ಕೋಳಿ ನೋಡಿ, ಹಿತ್ತಲಲ್ಲಿ ಹತ್ತು ನಿಮಿಷ ವೀಡಿಯೋ ಮಾಡಿ ಸ್ಲೋ ಮೋಷನ್‌ನಲ್ಲಿ ಹಾಕಿ. ಹೆಜ್ಜೆ ಇಡೋವಾಗ ಬೆರಳು ಹೇಗೆ ಅಗಲ ಆಗತ್ತೆ, ಎತ್ತುವಾಗ ಹೇಗೆ ಮುಚ್ಕೊಳ್ಳತ್ತೆ ಅನ್ನೋದು ಯಾವ ಟ್ಯುಟೋರಿಯಲ್‌ಗಿಂತ ಚೆನ್ನಾಗಿ ಗೊತ್ತಾಗತ್ತೆ. ದೊಡ್ಡ ಸಸ್ಯಾಹಾರಿಗಳ ಭಾರ ಕಾಣ್ಬೇಕು ಅಂದ್ರೆ ಆನೆ ನೋಡಿ, ಕಾಲು ಕಂಬದ ಹಾಗೆ ನೇರ.

ಅಳತೆಗೆ ಪ್ರತಿ ಪ್ರಾಣಿಯ ಚೌಕದಲ್ಲೂ ಮನುಷ್ಯ ಅಥವಾ ಮನುಷ್ಯ ಮಾಡಿದ ವಸ್ತು ಒಂದು ಇರ್ಲಿ. ಬರೀ ಬೆಟ್ಟದ ಮುಂದೆ ಬರೆದ್ರೆ ಗುಡ್ಡವ್ವ ಎಮ್ಮೆ ಸೈಜಿಗೂ ಕಾಣಬಹುದು.

ಹಂತ 8: ಕನ್ನಡದಲ್ಲಿ ಬಲೂನ್ ತುಂಬೋದು

ಬಲೂನ್ ಅಂದ್ರೆ ಪಾತ್ರದ ಮಾತು ಬರೆಯೋ ಗುಳ್ಳೆ. ಇಲ್ಲಿ ಬೇರೆ ಭಾಷೆಯ ಗೈಡ್‌ಗಳು ಉಪಯೋಗಕ್ಕೆ ಬರಲ್ಲ. ನಮ್ಮ ಅಕ್ಷರಕ್ಕೆ ಮೇಲೂ ಕೆಳಗೂ ಬಾಲ ಇರತ್ತೆ, ಸಾಲಿನ ಮಧ್ಯೆ ಜಾಗ ಕಮ್ಮಿ ಕೊಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿನ ಮೇಲೆ ಕೂತು ಎರಡೂ ಓದೋಕಾಗಲ್ಲ. ಅಕ್ಷರದ ಎತ್ತರದ ಒಂದೂವರೆ ಪಟ್ಟು ಸಾಲಿನ ಅಂತರ ಇಡಿ. ನಮ್ಮ ಪದಗಳೂ ಉದ್ದ, "ಹೋಗ್ಬೇಕಾಗಿತ್ತಲ್ಲಾ" ಒಂದೇ ಪದ ಒಂದು ಸಾಲು ತಿನ್ನತ್ತೆ. ಬಲೂನಿಗೆ ಹದಿನೈದು ಪದ ದಾಟಿದ್ರೆ ಮಾತು ಕತ್ತರಿಸಿ.

ಮತ್ತೆ ಆರ್ಡರ್: ಮೊದಲು ಮಾತು ಬರೆದು ಜಾಗ ಅಳೆದು ಬಲೂನ್ ಹಾಕಿ, ಆಮೇಲೆ ಚಿತ್ರಕ್ಕೆ ಇಂಕ್ ಮಾಡಿ. ಉಲ್ಟಾ ಮಾಡಿದೋರೆಲ್ಲ ಕೊನೇಗೆ ಡೈನೋಸಾರ್ ತಲೆ ಮೇಲೆ ಬಲೂನ್ ಅಂಟಿಸಿದ್ದಾರೆ.

ಕೆಲವು ಡ್ರಾಯಿಂಗ್ ಆಪ್‌ಗಳಲ್ಲಿ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರತ್ತೆ. ಹಾಗಾದ್ರೆ ಆ ಆಪ್ ಜೊತೆ ಗುದ್ದಾಡ್ಬೇಡಿ, ಇಂಕ್‌ಸ್ಕೇಪ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿ ಚಿತ್ರವಾಗಿ ಸೇವ್ ಮಾಡಿ ತಂದು ಅಂಟಿಸಿ. ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಕಾಪಿ ಮಾಡಿದ್ರೆ ಬರೋದು ಬರೀ ಗೀಚಲು, ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಕೈಬರಹ ದುಂಡಗಿದ್ದೋರು ಕೈಯಲ್ಲೇ ಬರೀರಿ, ಕಾಮಿಕ್‌ಗೆ ಅದರಷ್ಟು ಒಪ್ಪೋದು ಯಾವುದೂ ಇಲ್ಲ.

ಹಂತ 9: ಪರೀಕ್ಷೆ, ಆಮೇಲೆ ಜೆರಾಕ್ಸ್

ಬಲೂನ್‌ಗಳನ್ನೆಲ್ಲ ಚೀಟಿ ಅಂಟಿಸಿ ಮುಚ್ಚಿ ಯಾರಿಗಾದ್ರೂ ತೋರಿಸಿ, ಕಥೆ ಗೊತ್ತಿಲ್ದೋರಿಗೆ. ಎರಡು ಪ್ರಶ್ನೆ ಕೇಳಿ: ಇಲ್ಲಿ ಯಾರಿಗೆ ಅಧಿಕಾರ ಇದೆ? ಯಾರು ಏನನ್ನ ಮುಚ್ಚಿಡ್ತಿದ್ದಾರೆ? ಮೊದಲನೇದಕ್ಕೆ ಸರಿ ಉತ್ತರ ಬರ್ಬೇಕು, ಎರಡನೇದಕ್ಕೆ ಅನುಮಾನವಾದ್ರೂ ಬರ್ಬೇಕು. ನನ್ನ ತಂಗಿ ಪುಟ 1 ನೋಡಿ "ಈ ಅಜ್ಜಿಗೆ ಚೈನ್ ಬಗ್ಗೆ ಏನೋ ಭಯ" ಅಂದಾಗ ನಾನು ಆ ಪುಟ ಮುಟ್ಟೋದು ನಿಲ್ಲಿಸ್ದೆ. ಅದೇ ಪುಟ 5ರಲ್ಲಿ ಬಸಣ್ಣನನ್ನ ನೋಡಿ "ಇವನು ಭತ್ತ ಮಾರೋಕೆ ಬಂದಿದ್ದಾನಾ" ಅಂದ್ಲು, ಅದನ್ನ ಪೂರ್ತಿ ಮತ್ತೆ ಬರೆದೆ, ಕೀಲಿಗೊಂಚಲಿನ ಗುರುತು ಗೋಡೆ ಮೇಲೆ ಖಾಲಿ ಮೊಳೆಯಾಗಿ ಬಂತು.

ಪರೀಕ್ಷೆ ಪಾಸಾದ್ರೆ ಜೆರಾಕ್ಸ್. ಎರಡು ಎ4 ಹಾಳೆ, ಎರಡೂ ಮಗ್ಗುಲು, ಮಧ್ಯಕ್ಕೆ ಮಡಚಿದ್ರೆ ಎಂಟು ಪುಟದ ಪುಸ್ತಕ. ಪುಟ ಜೋಡಿಸೋದ್ರಲ್ಲಿ ಎಲ್ಲರೂ ಒಂದು ಸಲ ಎಡವ್ತಾರೆ, ಅದಕ್ಕೆ ಬರೆದಿಟ್ಕೊಳ್ಳಿ: ಮೊದಲ ಹಾಳೆ ಮುಂದೆ ಎಡಕ್ಕೆ 8 ಬಲಕ್ಕೆ 1, ಹಿಂದೆ ಎಡಕ್ಕೆ 2 ಬಲಕ್ಕೆ 7. ಎರಡನೇ ಹಾಳೆ ಮುಂದೆ ಎಡಕ್ಕೆ 6 ಬಲಕ್ಕೆ 3, ಹಿಂದೆ ಎಡಕ್ಕೆ 4 ಬಲಕ್ಕೆ 5. ಅಂಚಲ್ಲಿ ಅರ್ಧ ಇಂಚು ಖಾಲಿ ಬಿಡಿ, ಇಲ್ಲಾಂದ್ರೆ ಮೆಷಿನ್ ಬಾಲ ಕತ್ತರಿಸತ್ತೆ. ಮೊದಲು ಒಂದೇ ಕಾಪಿ ತೆಗೆಸಿ ಮಡಚಿ ನೋಡಿ, ಆಮೇಲೆ ಐವತ್ತು ಹೇಳಿ. ನಾನು ಮೊದಲೇ ಐವತ್ತು ಹೇಳಿದ್ದೆ, ಅದರಲ್ಲಿ ಗೇಟು ಮುರಿದ ಮೇಲೆ ಸಭೆ ಸೇರ್ತಾರೆ.